ಗಂಟಿಬಾಯಿ

ಮುಂದಿನ ಸೀಟಿನ ಹೆಂಗಸಿನ ಕತ್ತಿನ ಮೇಲೆ ಪೌಡರು ಬೆವರಿಗೆ ಕರಗಿ ಗೆರೆಗೆರೆಯಾಗಿ ಇಳಿಯುತ್ತಿದೆ, ಅವಳಿಗೆ ಗೊತ್ತಿಲ್ಲ, ಹಿಂದೆ ಕೂತವರಿಗಷ್ಟೇ ಕಾಣುತ್ತದೆ, ಬೆನ್ನು ತಟ್ಟಿ ಒರೆಸಿಕೊಳ್ಳಿ ಎನ್ನಬಹುದು, ತುಂಗಾ ಎನ್ನಲಿಲ್ಲ, ಎನ್ನದೆ ಇರುವುದಕ್ಕೆ ಏನೂ ಮಾಡಬೇಕಾಗಿಲ್ಲ, ಕೂತಲ್ಲೇ ಕೂತಿದ್ದರಾಯಿತು — ಗೋವೆಯ ವಾಸ್ಕೋದ ತಿರುವಿನಲ್ಲಿ ಬಸ್ಸು ವಾಲಿತು, ಜನ ಒಬ್ಬರ ಮೇಲೊಬ್ಬರು ಬಿದ್ದರು, ಕಂಡಕ್ಟರು ಬಾಗಿಲಿಗೆ ಜೋತು ಮಂಗೋರ್ ಮಂಗೋರ್ ಎಂದು ಒದರುತ್ತಿದ್ದಾನೆ, ಮೇ ತಿಂಗಳ ಬಿಸಿಲು, ಕಿಟಕಿಯ ಸರಳು ಮುಟ್ಟಿದರೆ ಸುಡುತ್ತದೆ, ಬಂದರಿನ ಕೆಂಪು ಧೂಳು ಸರಳಿನ ಮೇಲೂ ಇದೆ, ಅವಳ ಬೆರಳಿಗೂ ಬಂತು. ರವಿವಾರ ಊಟ ಮಾಡಿ ಮಲಗೋದು ಬಿಟ್ಟು ಎಲ್ಲಿಗೆ ಹೊಂಟಿ, ಎಂದಿದ್ದ ಗಂಡ ಬಾಳಕೃಷ್ಣ ಪೇಪರು ಇಳಿಸದೆ, ಆ ಹುಡುಗಿ ತಪ್ಪು ಮಾಡ್ಯಾಳ, ಅನುಭವಿಸ್ತಾಳ, ಇದರಾಗ ನಿಂದೇನದ. ನಿಂದೇನದ. ಅವನಿಗೆ ಹೇಳಿದ್ದು ಅರ್ಧ, ಉಳಿದ ಅರ್ಧ ಯಾರಿಗೂ ಹೇಳಿಲ್ಲ, ಹೇಳದಿದ್ದರೆ ಅದು ಆಗಿಯೇ ಇಲ್ಲ ಎಂದು ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗ ಒಂದು ಕ್ಷಣ ಅನಿಸುತ್ತದೆ, ಆಮೇಲೆ ಅನಿಸುವುದಿಲ್ಲ. ನಾಳೆ ಬೆಳಿಗ್ಗೆ ಮೇಟ್ರನ್ ಕ್ವಿತೇರಿಯಾ ತಮ್ಮ ಕೋಣೆಯಲ್ಲಿ, ಡಾಕ್ಟರ ಎದುರಿಗೆ, ಒಂದೇ ಪ್ರಶ್ನೆ ಕೇಳುತ್ತಾರೆ, ಬಾಣಂತಿ ನಂದಾಳಿಗೆ ರಕ್ತ ಹೋಗುತ್ತಿದ್ದಾಗ ಆ ಹುಡುಗಿ ನಿನ್ನನ್ನು ಕರೆದಳೋ ಇಲ್ಲವೋ. ಕರೆದಿದ್ದರೆ ತಪ್ಪು ಹಿರಿಯ ನರ್ಸ್ ತುಂಗಾಳದು, ಕರೆಯದಿದ್ದರೆ ಹೊಸ ಹುಡುಗಿ ಅಂಬಿಕಾಳದು, ಅಂಬಿಕಾಳದಾದರೆ ಮೊದಲ ವರ್ಷ ಮುಗಿಯುವ ಮುಂಚೆಯೇ ಅವಳನ್ನು ಮನೆಗೆ ಕಳಿಸುತ್ತಾರೆ, ಹಾಗೆ ಕಳಿಸಿದವಳನ್ನು ಈ ಕಡೆಯ ಯಾವ ಹೆರಿಗೆ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಉತ್ತರ ಸುಲಭ, ಕರೆಯಲಿಲ್ಲ. ಅದು ನಿಜವೂ ಹೌದು, ಅಂಬಿಕಾ ಬಾಯಿ ತೆರೆಯಲಿಲ್ಲ, ತುಂಗಾ ದೇವರ ಮೇಲೆ ಆಣೆ ಇಟ್ಟು ಹೇಳಬಹುದು, ಬಾಯಿ ತೆರೆಯಲಿಲ್ಲ. ಆದರೂ ಈ ಉರಿಬಿಸಿಲಲ್ಲಿ ಗುಡ್ಡ ಹತ್ತಿ ಹುಡುಗಿಯ ಮನೆಗೆ ಯಾಕೆ ಹೋಗುತ್ತಿದ್ದೀ ಎಂದು ಯಾರಾದರೂ ಕೇಳಿದರೆ, ನಿನ್ನೆ ಆಯಾ ಸೋಮಿಬಾಯಿ ಹೇಳಿದಳು, ಅಂಬಿ ಸೋಮವಾರ ಬರೋದಿಲ್ಲಂತ, ಕೆಲಸಾನ ಬಿಡ್ತಾಳಂತ, ಅದಕ್ಕೆ, ಸಮಾಧಾನ ಮಾಡಿ ಕರೆದುಕೊಂಡು ಬರಲು — ಒಳ್ಳೆಯ ಉತ್ತರ, ಬಸ್ಸು ಹತ್ತುವ ಮುಂಚೆಯೇ ತಯಾರು ಮಾಡಿಟ್ಟುಕೊಂಡ ಉತ್ತರ, ಆದರೆ ಹುಡುಗಿಗೆ ಏನು ಗೊತ್ತಿದೆ ಎಂದು ತಿಳಿದುಕೊಳ್ಳಲು ಹೋಗುತ್ತಿದ್ದಾಳೆ, ಅಷ್ಟೇ.

ಬಸ್ಸಿಳಿದರೆ ಮಂಗೋರ್ ಗುಡ್ಡದ ಬುಡ, ಕೊತ್ತಂಬರಿ ಮಾರುವವಳು ಬಾಗಲಕೋಟೆ ಕಡೆಯ ಕನ್ನಡದಲ್ಲಿ ಯಾರನ್ನೋ ಬೈಯುತ್ತಿದ್ದಾಳೆ, ಮೆಟ್ಟಿಲಿನ ಪಕ್ಕದ ಗಟಾರಿನಲ್ಲಿ ಅನ್ನದ ಗಂಜಿ ಹರಿಯುತ್ತಿದೆ, ಇಲ್ಲಿಯ ಹೆಂಗಸರೆಲ್ಲ ತುಂಗಾಳ ಕೈಯಲ್ಲೇ ಹೆತ್ತಿದ್ದಾರೆ, ಹೆತ್ತಿದ್ದರು, ಅಂಬಿಕಾ ಬರುವ ತನಕ. ಅಂಬಿಕಾ ಬಂದದ್ದು ಮಳೆ ಹಿಡಿದ ಹೊಸದರಲ್ಲಿ, ನರ್ಸಿಂಗ್ ಮುಗಿಸಿ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಸರ್ಟಿಫಿಕೇಟು, ಅಪ್ಪ ಬಂದರಿನ ಹಮಾಲ ಹೇಮಲಪ್ಪ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ, ಗುಡಿ ಅಲ್ಲೋ ಇದು ಚಪ್ಪಲಿ ಹಾಕ್ಕೋ ಎಂದು ವಾಚ್‌ಮನ್ ನಕ್ಕಿದ್ದ. ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ, ಕ್ವಿತೇರಿಯಾ ಮಾಡಿದ್ದು, ಹೊಸದಾಗಿ ಪಾಸಾಗಿ ಬಂದ ಪ್ರತಿ ಹುಡುಗಿಗೂ ಒಬ್ಬ ಹಿರಿಯಳು, ಒಂದು ವರ್ಷ, ಅದೇ ಪಾಳಿ, ಅದೇ ಹೆರಿಗೆ ಕೋಣೆ, ಜೋಡಿ ಅನ್ನುತ್ತಾರೆ ಅದಕ್ಕೆ. ಕಾಲೇಜಿನಲ್ಲಿ ಕಲಿತದ್ದು ತಲೆಯಿಂದ ಕೈಗೆ ಇಳಿಯಲು ವರ್ಷ ಹಿಡಿಯುತ್ತದೆ ಬಾಯ್, ಎಂದಿದ್ದರು ಕ್ವಿತೇರಿಯಾ, ಬಾಯ್ ಎಂದರೆ ಅವರ ಕೊಂಕಣಿಯಲ್ಲಿ ತಂಗಿ, ಆ ವರ್ಷ ಅವಳು ಒಬ್ಬಳೇ ಇರಬಾರದು, ಅವಳ ಪ್ರಶ್ನೆ ನಿನಗೆ ಪೆದ್ದು ಅನಿಸಿದರೂ ಕೇಳಲು ಬಿಡು. ತುಂಗಾಳಿಗೆ ಯಾರೂ ಹಾಗೆ ಕೇಳಲು ಬಿಟ್ಟಿರಲಿಲ್ಲ, ಹುಬ್ಬಳ್ಳಿಯಲ್ಲಿ ಅವಳು ಹೊಸಬಳಾಗಿದ್ದಾಗ ಹಿರಿಯ ಸಿಸ್ಟರ್ ಕತ್ತರಿಯ ಹಿಡಿಯಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು, ಹೊಡೆತ ತಿಂದು ಕಲಿತದ್ದು ಮರೆಯುವುದಿಲ್ಲ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು, ನಂಬಿದ್ದಳು ಕೂಡ, ಆದರೂ ಅಂಬಿಕಾಳಿಗೆ ಹೊಡೆಯಲಿಲ್ಲ, ಮೊದಮೊದಲು ಚೆನ್ನಾಗಿಯೇ ನೋಡಿಕೊಂಡಳು, ಡಬ್ಬಿಯಿಂದ ಅವಲಕ್ಕಿ ಕೊಟ್ಟಳು, ಕೈ ಹಿಡಿದು ಹೊಟ್ಟೆಯ ಮೇಲಿಟ್ಟು ಇದು ತಲಿ, ಇದು ಬೆನ್ನು, ಕಣ್ಣ ಮುಚ್ಚಿ ನೋಡ ಎಂದು ತೋರಿಸಿದಳು, ಹೌದ್ರಿ ಅಕ್ಕಾರ, ಹೌದ್ರಿ ಅಕ್ಕಾರ, ಎಂದು ತಲೆಯಾಡಿಸುವ ಹುಡುಗಿ ಯಾರಿಗೆ ಬೇಡ. ಆಮೇಲೆ ಮಂಗೋರಿನ ಹೆಂಗಸರು ಬಂದವರು ಬಂದಂತೆ ನಮ್ಮ ಅಂಬಿ ಅದಾಳೇನ್ರಿ ಎಂದು ಕೇಳತೊಡಗಿದರು. ಒಬ್ಬಳು ನೋವು ತಿನ್ನುತ್ತ ಮಲಗಿದ್ದವಳು, ತುಂಗಾ ಕೈಗವಸು ಹಾಕುವುದನ್ನು ಕಂಡು, ಆಕಿನ್ನ ಕರೀರಿ, ಈ ಬಾಯಾರು ಕತ್ತರಿ ಹಾಕ್ತಾರ, ಎಂದು ಅತ್ತಳು. ಅಂಬಿಕಾ ಕತ್ತರಿ ಹಾಕುತ್ತಿರಲಿಲ್ಲ, ಬಿಸಿನೀರಿನ ಬಟ್ಟೆ ಒತ್ತಿ ಹಿಡಿದು, ತಡಿ ಚಿಗವ್ವ, ತಡಿ, ಇನ್ನೊಂದೀಟ ಎನ್ನುತ್ತ ಕಾಯುತ್ತಿದ್ದಳು, ಕೂಸು ಹರಿಯದೆ ಸೀಳದೆ ಜಾರಿ ಬರುತ್ತಿತ್ತು, ಡಾಕ್ಟರು ನೋಡಿ ಒಳ್ಳೆಯ ಕೈ ಎಂದರು, ತುಂಗಾ ನಕ್ಕು ನನ್ನ ಜೋಡಿ ಅಲ್ಲೇನ್ರಿ ಎಂದಳು, ನಗುವಾಗ ಉಗುರಿನ ಸಂದಿನಲ್ಲಿ ಸಿಬಿರು ಹೊಕ್ಕಂತೆ, ಹೊರಗೆ ಏನೂ ಕಾಣದು, ಮುಟ್ಟಿದರೆ ಮಾತ್ರ —

ಗಂಟೆಯ ಮಾತು ಆಮೇಲಿನದು. ಒಬ್ಬ ಬಾಣಂತಿಗೆ ರಕ್ತ ತುಸು ಹೆಚ್ಚು ಹೋದಂತೆ ಕಂಡು ಅಂಬಿಕಾ ಓಡಿ ಬಂದಳು, ಅಕ್ಕಾರ ಲಗೂನ ಬರ್ರಿ, ತುಂಗಾ ಊಟ ಬಿಟ್ಟು ಎದ್ದಳು, ಹೋಗಿ ನೋಡಿದರೆ ಎಲ್ಲರಿಗೂ ಹೋಗುವಷ್ಟೇ, ಮಾಮೂಲು, ಆಗ ಎಲ್ಲರೆದುರಿಗೆ, ಬಾಣಂತಿಯ ಅವ್ವ, ನೆಲ ಒರೆಸುತ್ತಿದ್ದ ಸೋಮಿಬಾಯಿ, ಮೂಲೆಯ ಹಾಸಿಗೆಯ ಸುಗರಾಬಿ, ಎಲ್ಲರೂ ಕೇಳುವಂತೆ, ಇಷ್ಟಕ್ಕೆಲ್ಲಾ ಕರೀತೀ ಅಂದ್ರ ನಿನ್ನ ಕೊರಳಾಗ ಒಂದು ಗಂಟಿ ಕಟ್ಟಬೇಕವಾ, ನಡದಲ್ಲೆಲ್ಲಾ ಬಾರಸ್ಲಿ, ನಾವು ಹಿಂದ ಓಡಿ ಬರ್ತೀವಿ. ಎಲ್ಲರೂ ನಕ್ಕರು, ಅಂಬಿಕಾ ಕೂಡ ನಕ್ಕಳು, ಕಿವಿ ಕೆಂಪಾಗಿತ್ತು. ಮರುದಿನದಿಂದ ಸೋಮಿಬಾಯಿ ಅವಳು ಹಾದುಹೋಗುವಾಗ ಚಹಾದ ಲೋಟಕ್ಕೆ ಚಮಚ ಬಡಿದು ಗಂಟಿಬಾಯಿ ಬಂದ್ಳು ದಾರಿ ಬಿಡ್ರೋ ಎನ್ನುತ್ತಿದ್ದಳು, ತುಂಗಾ ಬೇಡ ಎನ್ನಬಹುದಿತ್ತು, ಎನ್ನಲಿಲ್ಲ, ಒಂದೆರಡು ಸಲ ತಾನೂ ನಕ್ಕಳು. ಆ ನಂತರ ಅಂಬಿಕಾ ಓಡಿ ಬರುವುದು ನಿಂತಿತು. ನೋಡ್ರಿ ಹೆಂಗ ಗಟ್ಟಿಯಾದ್ಲು ನಮ್ಮ ಹುಡುಗಿ, ಎಂದು ಕ್ವಿತೇರಿಯಾರಿಗೆ ಹೇಳಿದವಳು ತುಂಗಾಳೇ, ಗಟ್ಟಿಯಾದಳು, ಬಾಯಿ ಮುಚ್ಚಿತು ಎನ್ನಲಿಲ್ಲ, ಗಟ್ಟಿಯಾದಳು ಎಂದಳು. ಇಲ್ಲಿ ಮೆಟ್ಟಿಲು ಒಡೆದಿದೆ, ಸೀರೆ ಎತ್ತಿ ಹಿಡಿಯಬೇಕು, ಉಸಿರು ಸಿಗುತ್ತಿಲ್ಲ, ಈ ಗುಡ್ಡವನ್ನು ಬಸುರಿಯರು ದಿನಾ ನೀರು ಹೊತ್ತು ಹತ್ತುತ್ತಾರೆ. ನೀಲಿ ರಬ್ಬರ್ ಚಪ್ಪಲಿ. ಯಾರದೋ ಹೊಸ್ತಿಲ ಹೊರಗೆ ಬಿಟ್ಟಿದ್ದಾರೆ, ಹೆರಿಗೆ ಕೋಣೆಯವೂ ಇಂಥವೇ, ಎಲ್ಲರೂ ಮೆಟ್ಟುವ ದೊಡ್ಡ ಸೈಜಿನವು, ಅಂಬಿಕಾಳ ಪಾದಕ್ಕಿಂತ ದೊಡ್ಡವು, ಹಿಂದೆ ಅರ್ಧ ಗೇಣು ಖಾಲಿ ಉಳಿಯುತ್ತಿತ್ತು, ಪರದೆಯ ಕೆಳಗೆ, ಹಸಿರು ಪರದೆಯ ಕೆಳಗೆ ಆ ಖಾಲಿ — ಬೇಡ, ಈಗ ಬೇಡ.

ಹೊಟ್ಟೆ ಕಟ್ಟುವ ವಿಷಯ ಮಾತ್ರ ಹೇಳಬೇಕು, ನಾಳೆ ಅದನ್ನು ಕ್ವಿತೇರಿಯಾರಿಗೆ ಹೇಳಿಯೇಬಿಡುತ್ತಾಳೆ, ಅದು ತನ್ನ ತಪ್ಪು, ಒಪ್ಪಿಕೊಳ್ಳಬಹುದಾದ ತಪ್ಪು. ಈ ಗುಡ್ಡದ ಕನ್ನಡ ಮಂದಿ ಹೆರಿಗೆಯಾದ ಕೂಡಲೇ ಬಾಣಂತಿಯ ಹೊಟ್ಟೆಗೆ ಹಳೆ ನೂಲಿನ ಸೀರೆ ಸುತ್ತಿ ಬಿಗಿದು ಕಟ್ಟುತ್ತಾರೆ, ಗಾಳಿ ಹೊಗಬಾರದು, ಹೊಟ್ಟೆ ಜೋಲಬಾರದು, ಅತ್ತೆಯೇ ಕಟ್ಟಬೇಕು, ಕಟ್ಟಿದ್ದನ್ನು ಬೇರೆಯವರು ಬಿಚ್ಚಬಾರದು. ಗೋವೆಯ ನರ್ಸುಗಳಾದರೆ ಮುದುಕಿಯರನ್ನು ಹೊರಗೆ ಅಟ್ಟಿ ಬಾಗಿಲು ಹಾಕುತ್ತಾರೆ. ಬಂದ ಹೊಸದರಲ್ಲಿ ಅಂಬಿಕಾ ಕೇಳಿದ್ದಳು, ಅಕ್ಕಾರ, ಕಾಲೇಜಿನಾಗ ಕಟ್ಟಬಾರ್ದಂತ ಹೇಳ್ಯಾರಲ್ರಿ, ಏನ್ ಮಾಡ್ಲಿ. ಕಟ್ಟಲಿ ಬಿಡ, ಎಂದಿದ್ದಳು ತುಂಗಾ, ನಮ್ಮ ಮಂದಿ ಕಟ್ಟೇ ಕಟ್ತಾರ, ಬ್ಯಾಡಂದ್ರ ಮುಂದಿನ ಸಲ ಮನ್ಯಾಗ ಹಡೀತಾರ, ಇತ್ಲಾಗ ಹಾಯೋದಿಲ್ಲ. ಎಷ್ಟು ಹೆಮ್ಮೆಯಿಂದ ಹೇಳಿದ್ದಳು, ತನ್ನ ಮಂದಿಯನ್ನು ಬಲ್ಲವಳಂತೆ. ಹೇಳದೆ ಉಳಿದದ್ದು ಒಂದೇ, ಕಟ್ಟಿದ ಮೇಲೂ ತುಂಗಾಳ ಕೈ ಹಾದುಹೋಗುವಾಗೆಲ್ಲ ಆ ಸೀರೆಯ ಅಡಿಗೆ ಹೋಗುತ್ತದೆ, ಎರಡು ಬೆರಳು ತೂರಿಸಿ ಹೊಕ್ಕುಳ ಕೆಳಗೆ ಒತ್ತುತ್ತದೆ, ಗರ್ಭಕೋಶ ಕಲ್ಲಿನಂತೆ ಬಿಗಿದಿದೆಯೇ, ಸಡಿಲಾಗಿ ಒಳಗೆ ರಕ್ತ ತುಂಬಿಕೊಳ್ಳುತ್ತಿದೆಯೇ, ಮುದುಕಿಗೆ ಮಾತು ಹಚ್ಚುತ್ತ, ಕೂಸಿಗೆ ಯಾರ ಹೆಸರಿಡ್ತೀರಿ ಎಂದು ಕೇಳುತ್ತ, ಆ ಕೈ ತನ್ನ ಕೆಲಸ ಮಾಡಿ ಬರುತ್ತದೆ, ಎಷ್ಟೋ ವರ್ಷಗಳಿಂದ ಹೋಗುತ್ತಿದೆ, ಹೋಗುವುದು ಅವಳಿಗೇ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಹೇಗೆ ಹೇಳಿಕೊಡುವುದು. ಹೀಗೆ ಹೇಳಿದರೆ ಕ್ವಿತೇರಿಯಾ ತಲೆಯಾಡಿಸುತ್ತಾರೆ, ಎಲ್ಲರಿಗೂ ಆಗುತ್ತದೆ ಬಾಯ್ ಎನ್ನುತ್ತಾರೆ, ಕ್ಷಮಿಸಿಬಿಡುತ್ತಾರೆ, ಒಂದು ಸಣ್ಣ ತಪ್ಪನ್ನು ಮುಂದೆ ನೂಕಿ ಅದರ ಬೆನ್ನ ಹಿಂದೆ ಕೂತುಬಿಡಬಹುದು.

ಬಾಯಾರ, ಏ ಬಾಯಾರ, ಎಂದು ನಲ್ಲಿಯ ಕಟ್ಟೆಯಿಂದ ಯಾರೋ ಕೂಗಿದರು, ತುಂಗಾ ಕಾಣದವಳಂತೆ ಮುಂದೆ ಹೋಗಬೇಕೆಂದುಕೊಂಡಳು, ಆದರೆ ಲಕ್ಷ್ಮವ್ವ ಕೊಡ ಬಿಟ್ಟು ಎದ್ದು ಬಂದೇಬಿಟ್ಟಳು, ನಂದಾಳ ಅತ್ತೆ, ಅವತ್ತು ಅವಳ ಹೊಟ್ಟೆಗೆ ಸೀರೆ ಕಟ್ಟಿದವಳು. ಒದ್ದೆ ಕೈಯಲ್ಲೇ ತುಂಗಾಳ ಎರಡೂ ಕೈ ಹಿಡಿದಳು, ನಿಮ್ಮ ಹೊಟ್ಟಿ ತಣ್ಣಗಿರ್ಲಿ ಬಾಯಾರ, ನೀವು ಓಡಿ ಬರಲಿಲ್ಲಂದ್ರ ನಮ್ಮ ನಂದಾ ಅವತ್ತ ಹೋಗಿಬಿಡ್ತಿದ್ಲು. ನಂದಾ ಹ್ಯಾಂಗದಾಳ ಎಂದು ಕೇಳಿದಳು ತುಂಗಾ, ಕೇಳಲೇಬೇಕಲ್ಲ. ದೊಡ್ಡ ದವಾಖಾನ್ಯಾಗ ಇನ್ನೂ ಮಲಗ್ಯಾಳ್ರೀ, ಇವತ್ತ ಗಂಜಿ ಕುಡದಾಳ, ಚೀಲಾ ತಗದುಬಿಟ್ಟಾರ ಅನ್ನೋದು ಆಕಿಗೆ ಇನ್ನಾ ಹೇಳಿಲ್ಲ, ನನ್ನ ಮಗ ಸೋಮು ಹೇಳಬ್ಯಾಡ ಅಂತಾನ, ಚೊಚ್ಚಲ ಹೆಣ್ಣಾತು, ಇನ್ನೇನಿಲ್ಲ, ಆತಲ್ಲ, ಅಷ್ಟಕ್ಕ ಮುಗೀತು. ಚೀಲ ಎನ್ನುತ್ತಾರೆ ಗರ್ಭಕೋಶಕ್ಕೆ, ಸಂತೆಯಿಂದ ತಂದು ಮರೆತು ಬಂದಂತೆ. ನಮ್ಮ ಅಂಬಿ ನಮ್ಮ ಅಂಬಿ ಅಂತ ಮೆರಸಿದ್ವಿ, ಲಕ್ಷ್ಮವ್ವ ಅಂಬಿಕಾಳ ಮನೆಯ ಕಡೆಗೆ ತಿರುಗಿ, ಕೇಳಲಿ ಎಂದೇ ದನಿ ಎತ್ತಿದಳು, ನನ್ನ ತೊಡಿ ಮ್ಯಾಲ ಆಡಿದ ಹುಡುಗಿ, ಕಣ್ಣ ಮುಂದ ಹೆಣ್ಮಗಳು ಬೆಳ್ಳಗಾಗಾಕತ್ತಿದ್ಲು, ಸುಮ್ಮ ನಿಂತಿದ್ಲು, ಮೂಕಿಯಂಗ. ತುಂಗಾ ಹೋಗಲಿ ಬಿಡ್ರಿ ಎಂದಳು, ಹೊಸಾ ಹುಡುಗಿ ಎಂದಳು, ಎಂದ ಮಾತು ದೊಡ್ಡತನದಂತೆ ಕೇಳಿಸಿತು, ಕಟ್ಟೆಯ ಮೇಲಿನ ಹೆಂಗಸರು ನೋಡ್ರಿ ಎಂಥಾ ದೊಡ್ಡ ಮನಸು ಎಂಬಂತೆ ನೋಡಿದರು. ನಿಂದರ್ರಿ, ಎಂದು ಲಕ್ಷ್ಮವ್ವ ಒಳಗೆ ಓಡಿ ಪೇಪರಿನಲ್ಲಿ ಅಂಟಿನುಂಡಿ ಕಟ್ಟಿಕೊಂಡು ಬಂದಳು, ಬಾಣಂತಿಗಂತ ಮೊದಲ ಮಾಡಿಟ್ಟಿದ್ದೆ, ಡಾಕ್ಟರು ಕೊಡಬ್ಯಾಡಂದ್ರು, ನೀವ ತಿನ್ರಿ, ನಿಮ್ಮ ಕೈಲೆ ಜೀವ ಉಳದೈತಿ. ಇಸಿದುಕೊಂಡಳು, ಬೇಡ ಎನ್ನಲು ಬರಲಿಲ್ಲ, ಪೇಪರಿಗೆ ತುಪ್ಪ ಹತ್ತಿ ಒಂದು ಮೂಲೆ ಪಾರದರ್ಶಕವಾಗುತ್ತಿದೆ, ಅದರೊಳಗಿಂದ ಕೊಬ್ಬರಿಯ ವಾಸನೆ, ಹೆತ್ತವಳು ತಿನ್ನಬೇಕಾದ್ದು, ತುಂಗಾ ಹೊತ್ತು ನಡೆಯುತ್ತಿದ್ದಾಳೆ.

ಓಡಿದ್ದು ನಿಜ. ಲಕ್ಷ್ಮವ್ವ ಕಿರುಚಿದಾಗ ಓಡಿದಳು, ಹಲ್ಲಿನಿಂದ ಗಂಟು ಬಿಚ್ಚಿ ಸೀರೆ ಎಳೆದು ಒಗೆದಳು, ಹೊಟ್ಟೆಗೆ ಕೈ ಇಟ್ಟರೆ ನಾದಿದ ಹಿಟ್ಟು, ಒತ್ತಿದರೆ ಒಳಗೆ ನಿಂತದ್ದೆಲ್ಲ ಒಮ್ಮೆಲೇ ಹೊರಗೆ, ಗಡ್ಡೆ ಗಡ್ಡೆ ರಕ್ತ, ಮಂಚದಿಂದ ನೆಲಕ್ಕೆ, ತುಂಗಾ ಮುಷ್ಟಿ ಹಿಡಿದು ಒತ್ತುತ್ತ ಇಂಜೆಕ್ಷನ್ ಎಂದು ಕೂಗಿದಳು, ಡಾಕ್ಟರಿಗೆ ಫೋನು, ಅಂಬ್ಯುಲೆನ್ಸು, ಹೇಳಿದ್ದನ್ನೆಲ್ಲ ಅಂಬಿಕಾ ಮಾಡಿದಳು, ಬಾಯಿ ಮಾತ್ರ ತೆರೆದೇ ಇತ್ತು. ಅದಕ್ಕೂ ಮುಂಚೆ ಮಧ್ಯಾಹ್ನ, ಇಡೀ ವಾಸ್ಕೋ ಊಟ ಮಾಡಿ ಅಂಗಡಿ ಮುಚ್ಚಿ ಮಲಗುವ ಹೊತ್ತು, ಡಾಕ್ಟರು ಮನೆಗೆ ಹೋಗಿದ್ದರು, ನಂದಾ ಹೆತ್ತಿದ್ದಳು, ಹರಿಯದೆ ಸೀಳದೆ, ಅಂಬಿಕಾಳ ಕೈಯಲ್ಲೇ, ತುಂಗಾ ಕಟ್ಟಿಗೆಯ ಬೆಂಚಿನ ಮೇಲೆ ಸೊಂಟ ಚಾಚಲು ಪಕ್ಕದ ಕೋಣೆಗೆ ಬಂದಿದ್ದಳು, ನಡುವೆ ಬಾಗಿಲಿಲ್ಲ, ಹಸಿರು ಪರದೆ, ನೆಲಕ್ಕೆ ಮುಟ್ಟದ ಪರದೆ. ಆ ಕಡೆ ನಡೆದದ್ದು ಅವಳಿಗೆ ಆಮೇಲೆ ತಿಳಿದದ್ದು, ಲಕ್ಷ್ಮವ್ವ ರಕ್ತದ ಅರಿವೆಗಳನ್ನು ಯಾರ ಕಣ್ಣೂ ಬೀಳಬಾರದೆಂದು ತಾನೇ ತೆಗೆದು ತೆಗೆದು ಬಚ್ಚಲಿನ ಬಕೆಟ್ಟಿಗೆ ಹಾಕಿ ಮುಚ್ಚುತ್ತಿದ್ದಳು, ಎಷ್ಟು ಹೋಯಿತೆಂದು ಯಾರಿಗೂ ಕಾಣಲಿಲ್ಲ, ನಂದಾ ಆಕಳಿಸಿದಳು, ಮತ್ತೆ ಆಕಳಿಸಿದಳು, ನೀರು ಕೇಳಿದಳು, ಮತ್ತೆ ಆಕಳಿಸಿದಳು, ದಣದಾಳ ಮಲಗಲಿ ಬಿಡ ಎಂದಳು ಲಕ್ಷ್ಮವ್ವ, ಅಂಬಿಕಾ ನಾಡಿ ಹಿಡಿದು ನೋಡಿದರೆ ಓಡುತ್ತಿತ್ತು, ಹೊಟ್ಟೆ ನೋಡಬೇಕೆಂದರೆ ಸೀರೆ ಬಿಚ್ಚಬೇಕು, ಕಟ್ಟಲಿ ಬಿಡ ಎಂದಿದ್ದಾರೆ ಅಕ್ಕಾರು, ಲಕ್ಷ್ಮವ್ವ ಚಿಗವ್ವ ಬಿಚ್ಚಲು ಬಿಡುವುದಿಲ್ಲ, ಕೇಳಬೇಕು, ಕೇಳಲು ಬಂದಳು. ಪರದೆಯ ಕೆಳಗೆ ನೀಲಿ ಚಪ್ಪಲಿ, ಒಳಗೆ ಎರಡು ಪಾದ, ಬೆರಳು ಈ ಕಡೆಗೆ. ತುಂಗಾ ನೋಡಿದಳು. ಬೆಂಚಿನ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು, ಕಣ್ಣು ತೆರೆದೇ ಇತ್ತು, ನಿದ್ದೆ ಇರಲಿಲ್ಲ, ನೋಡಿದಳು. ಬಲಗಾಲಿನ ಹೆಬ್ಬೆರಳು ಎಡಗಾಲಿನ ಮೇಲೆ ಹತ್ತಿ ಉಜ್ಜಿತು, ಕೆಳಗಿಳಿಯಿತು, ಮತ್ತೆ ಹತ್ತಿತು. ಯಾಕೆ ಏನಾತು ಎಂದು ಕೇಳಿದರೆ ಸಾಕಿತ್ತು, ಕೆಮ್ಮಿದರೂ ಸಾಕಿತ್ತು.

ಯಾಕೆ ಕೇಳಲಿಲ್ಲ. ಕಲಿಯಲಿ ಎಂದು, ಒಂದು ಸಲವಾದರೂ ತಾನೇ ನಿರ್ಧಾರ ಮಾಡಲಿ ಎಂದು — ಮೊದಲ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತ ಇದೇ ಹೇಳಿಕೊಂಡಳು, ಚೆನ್ನಾಗಿತ್ತು, ನಂಬುವಂತಿತ್ತು. ಮರುದಿನ ಅದು ಉಳಿಯಲಿಲ್ಲ, ಸೊಂಟ ನೋಯುತ್ತಿತ್ತು, ಏಳಲು ಬೇಜಾರು ಎಂದಾಯಿತು, ಅದೂ ಸುಳ್ಳಲ್ಲ. ಈಗ ಗುಡ್ಡದ ನಡುವೆ, ಕೈಯಲ್ಲಿ ಲಕ್ಷ್ಮವ್ವನ ಉಂಡಿ, ಮೂರನೆಯ ಕಾರಣ ತಾನಾಗಿ ಎದ್ದು ಬರುತ್ತಿದೆ, ತಡೆಯುವಷ್ಟು ಉಸಿರು ಇಲ್ಲ. ಆ ಪಾದಗಳನ್ನು ನೋಡುತ್ತ ಅವಳು ಅಂದುಕೊಂಡದ್ದು ಇಷ್ಟು, ಏನಾದರೂ ಸಣ್ಣದೊಂದು ಆಗಲಿ. ಸಣ್ಣದು. ಕೂಸಿಗಲ್ಲ, ತಾಯಿಗೂ ಏನೂ ಆಗಬಾರದು, ಎಲ್ಲರೆದುರಿಗೆ ಮುಖ ಬಾಡುವಷ್ಟು, ನಮ್ಮ ಅಂಬಿ ಎನ್ನುವವರು ಒಂದು ಸಲ ಬಾಯಿ ಮುಚ್ಚುವಷ್ಟು, ಕತ್ತರಿ ಬಾಯಾರನ್ನೇ ಕರೀರಿ ಎನ್ನುವಷ್ಟು. ಸಣ್ಣದೊಂದನ್ನು ಬಯಸಿದರೆ ಸಣ್ಣದೇ ಬರುತ್ತದೆ ಎಂದು ಯಾರು ಹೇಳಿದರು. ಒಬ್ಬಳ ಚೀಲ ಹೋಯಿತು, ಒಬ್ಬಳ ಕೆಲಸ ಹೋಗುತ್ತದೆ, ತುಂಗಾಳಿಗೆ ಅಂಟಿನುಂಡಿ ಬಂತು, ಕರೀರಿ ಎನ್ನುವವರೂ ಬಂದರು, ಬಯಸಿದ್ದೆಲ್ಲ ಸಿಕ್ಕಿದೆ.

ಅಂಬಿಕಾಳ ಮನೆ, ತಗಡಿನ ಮಾಡು, ಹೊರಗೆ ಹೇಮಲಪ್ಪ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದವನು ಅವಳನ್ನು ಕಂಡು ಬೀಡಿ ನಂದಿಸಿ ಎದ್ದ, ಬರ್ರಿ ಬಾಯಾರ, ಇಷ್ಟ ಬಿಸಲಾಗ ಬಂದ್ರಿ, ಹೇಳಿ ಕಳಿಸಿದ್ರ ನಾವ ಬರ್ತಿದ್ವಿ. ನಾಳೆ ಅಂಬಿಕಾನ್ನ ಕಳಸ್ರಿ ಎಂದಳು ತುಂಗಾ. ಎಲ್ಲಿಗ್ರಿ, ಎಂದ ಹೇಮಲಪ್ಪ, ನಗುತ್ತಲೇ, ಕುಂಕಳ್ಳ್ಯಾಗ ಮೀನಿನ ಫ್ಯಾಕ್ಟರ್ಯಾಗ ಹೇಳಿಟ್ಟೇನಿ, ಪ್ಯಾಕಿಂಗ್ ಕೆಲಸ, ಮೀನಾ ಮೊದಲ ಸತ್ತಿರತಾವ ನೋಡ್ರಿ, ಈಕಿ ಕೈಲೆ ಏನೂ ಆಗೂದಿಲ್ಲ. ಅಪ್ಪಾ ಸುಮ್ಕಿರೋ, ಎಂದು ಒಳಗಿನಿಂದ ಅಂಬಿಕಾ. ಅವನು ನಗು ನಿಲ್ಲಿಸಿ ಗುಡ್ಡದ ಕೆಳಗೆ ಬಂದರಿನ ಕಡೆ ನೋಡಿದ, ಹಡಗಿನಿಂದ ಧೂಳು ಏಳುತ್ತಿತ್ತು, ಊರಾಗ ಎಲ್ಲಾರಿಗೂ ಹೇಳಿಕೊಂಡು ಬಂದಿದ್ದೆ ಬಾಯಾರ, ನನ್ನ ಮಗಳು ಸಿಸ್ಟರ್ ಆಗ್ಯಾಳಂತ, ಈಗ ನಲ್ಲಿಗೆ ನೀರಿಗೆ ಹೋದ್ರ ಮಂದಿ ಕೊಡ ಸರಸ್ತಾರ. ಒಳಗೆ ಕತ್ತಲೆ, ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು, ಅಂಬಿಕಾ ಚಾಪೆ ಹಾಸಿದಳು, ಕುಂದರ್ರಿ ಅಕ್ಕಾರ, ಮುಖ ಇಳಿದಿದೆ, ಬಿಳಿ ಯೂನಿಫಾರ್ಮು ಒಗೆದು ಮಡಚಿ ಟ್ರಂಕಿನ ಮೇಲೆ ಇಟ್ಟಿದೆ, ವಾಪಸು ಕೊಡಲಿಕ್ಕಿರಬೇಕು. ಏನು ಗೊತ್ತಿದೆ ನಿನಗೆ ಎಂದು ನೇರವಾಗಿ ಕೇಳಬಾರದು, ಅವಳಾಗಿ ಹೇಳಲಿ. ತುಂಗಾ ಉಂಡಿಯ ಪೊಟ್ಟಣ ಚಾಪೆಯ ಬದಿಗಿಟ್ಟಳು, ಯಾರು ಕೊಟ್ಟರೆಂದು ಹೇಳಬೇಕಾಗಿರಲಿಲ್ಲ, ಗುಡ್ಡದಲ್ಲಿ ಈಗ ಯಾರ ಮನೆಯಲ್ಲಿ ಬಾಣಂತಿಯ ಉಂಡಿ ಇದೆಯೆಂದು ಎಲ್ಲರಿಗೂ ಗೊತ್ತು. ನೀ ಕೆಲಸ ಬಿಡಬ್ಯಾಡ, ಎಂದಳು ತುಂಗಾ, ಹೊಟ್ಟಿ ಕಟ್ಟಲಿ ಬಿಡ ಅಂತ ನಿನಗ ಹೇಳಿದಾಕಿ ನಾನು, ನಾಳೆ ಮೇಟ್ರನ್ ಬಾಯಿ ಮುಂದ ಅದನ್ನ ಹೇಳ್ತೀನಿ. ಬ್ಯಾಡ್ರಿ, ಎಂದಳು ಅಂಬಿಕಾ ಗಾಬರಿಯಾಗಿ, ನಿಮಗ್ಯಾಕ ಬೇಕು ಅದು, ನೀವು ಕಟ್ಟಲಿ ಅಂದ್ರಿ, ಕೈ ಹಾಕಿ ನೋಡಬ್ಯಾಡ ಅಂದಿಲ್ಲಲ್ಲ, ನನಗ ತಿಳೀಬೇಕಿತ್ತು, ನಾಳೆ ನಾನ ಬಂದು ಹೇಳ್ತೇನಿ, ನಾ ಕರೀಲಿಲ್ಲ ಅಂತ ಹೇಳ್ತೇನಿ, ಅಷ್ಟ. ಅಷ್ಟು ಸಾಕು, ಎದ್ದುಬಿಡಬಹುದು, ಬಂದ ಕೆಲಸ ಮುಗಿಯಿತು, ಹುಡುಗಿಗೆ ಏನೂ ಗೊತ್ತಿಲ್ಲ, ಮೊಣಕಾಲಿಗೆ ಕೈ ಊರಿ ಏಳುವಷ್ಟರಲ್ಲಿ, ಅಕ್ಕಾರ ಒಂದ ಮಾತ ಕೇಳ್ಲೇನ್ರಿ, ಎಂದಳು ಅಂಬಿಕಾ.

ಕೇಳಬೇಡ. ಕೇಳು ಎಂದಳು. ಅಂಬಿಕಾ ಚಾಪೆಯ ಕಡ್ಡಿಯೊಂದನ್ನು ಉಗುರಿನಿಂದ ಎಬ್ಬಿಸುತ್ತ, ಮುಖ ಎತ್ತದೆ, ಅವತ್ತ ನಾ ಪರದೆ ತನಕಾ ಬಂದಿದ್ದೆ, ನಿಮಗ ಗೊತ್ತಿರಲಿಕ್ಕಿಲ್ಲ, ಕರೀಬೇಕಂತ ಬಂದೆ, ಗಂಟಿಬಾಯಿ ಅಂತಾರಂತ ನಾಚಿಕಿ ಆತು, ಅದೂ ಇತ್ತು, ಸುಳ್ಳ ಯಾಕ ಹೇಳ್ಲಿ, ಅದೂ ಇತ್ತು. ಆದ್ರ ನೀವು ಮಲಗಿದ್ರಲ್ರಿ, ಉಸರು ಕೇಳತಿತ್ತು ನನಗ, ಉದ್ದಕ ಎಳದು ಬಿಡಾಕತ್ತಿದ್ರಿ, ದಣದಾರ, ನಿದ್ದಿ ಹತ್ತೇತಿ, ಎಬ್ಬಸಬಾರ್ದಂತ ಹೊಳ್ಳಿ ಹೋದೆ. ಹಂಗಂತ ನನಗ ನಾನ ಹೇಳ್ಕೊಳ್ಳಾಕತ್ತೇನಿ, ನಾಲ್ಕ ದಿನ ಆತು ಅದನ್ನ ಹೇಳ್ಕೊಳ್ಳಾಕತ್ತೇನಿ. ನೀವು ಮಲಗಿದ್ದು ಖರೇ ಇದ್ರ ನಾ ಹೇಳೋದೂ ಖರೇ ಆಕ್ಕೈತಿ, ಇಲ್ಲಂದ್ರ ಬರೇ ನಾಚಿಕಿಗೆ ನಂದಾಕ್ಕನ್ನ ಹಂಗ ಮಾಡಿದಂಗಾತು, ಅದನ್ನ ತಡಕೊಳ್ಳಾಕ ಆಗವಲ್ದು ನನಗ. ಮುಖ ಎತ್ತಿದಳು. ಮಲಗಿದ್ರಿ ಹೌದಲ್ರಿ. ಎಚ್ಚರಿದ್ರ ನೀವು ಬರ್ತಿದ್ರಿ.

ಉಸಿರು. ಪಾದಗಳು ಪರದೆಯ ಕೆಳಗೆ ನಿಂತಾಗ ತುಂಗಾ ಉಸಿರನ್ನು ಉದ್ದ ಮಾಡಿದ್ದಳು, ಎಳೆದು, ತಡೆದು, ಮೂಗಿನಿಂದ ಸದ್ದಾಗುವಂತೆ ಬಿಟ್ಟು, ಮಲಗಿದವರು ಬಿಡುವಂತೆ, ಅದನ್ನು ಇಲ್ಲಿಯ ತನಕ ತನಗೂ ಹೇಳಿಕೊಂಡಿರಲಿಲ್ಲ, ಗುಡ್ಡ ಹತ್ತುವಾಗಲೂ ಇಲ್ಲ, ಆ ಮೂರನೆಯದರ ಕೆಳಗೆ ಇದು ನಾಲ್ಕನೆಯದು, ಹುಡುಗಿ ಕೇಳಿಸಿಕೊಂಡಿದ್ದಾಳೆ, ನಂಬಿದ್ದಾಳೆ, ನಂಬಿಕೊಂಡು ಹೇಗೋ ನಿಂತಿದ್ದಾಳೆ, ಈಗ ಇಲ್ಲ ಎಂದರೆ, ನಾನು ಎಚ್ಚರವಿದ್ದೆ ಎಂದರೆ, ನಿನ್ನ ಕಾಲು ನೋಡಿದೆ, ಬೇಕೆಂದೇ ಉಸಿರು ಬಿಟ್ಟೆ ಎಂದರೆ, ಹುಡುಗಿ ಎಲ್ಲಿಗೆ ಹೋಗುತ್ತಾಳೆ — ಎಷ್ಟು ಚೆನ್ನಾಗಿದೆ ಈ ಕಾರಣ, ಅವಳ ಸಲುವಾಗಿ, ಅವಳ ಸಮಾಧಾನದ ಸಲುವಾಗಿ, ಕಾರಣಗಳಿಗೆ ಎಂದೂ ಬರವಿಲ್ಲ, ಬಾಗಿಲಲ್ಲಿ ಹೇಮಲಪ್ಪನ ನೆರಳು ನಿಂತಿದೆ, ಅವನೂ ಕೇಳುತ್ತಿದ್ದಾನೆ, ತಗಡು ಬಿಸಿಲಿಗೆ ಟಕ್ಕೆಂದಿತು, ನಾಳೆ ಕ್ವಿತೇರಿಯಾ ಕೇಳುತ್ತಾರೆ, ನಾಳೆ ಹೇಳಿದರಾಯಿತು, ನಾಳೆ. ಹೂಂ, ಎಂದಳು ತುಂಗಾ, ನಿದ್ದಿ ಹತ್ತಿತ್ತವಾ. ಅಂಬಿಕಾಳ ಭುಜ ಇಳಿಯಿತು, ಕಣ್ಣಲ್ಲಿ ನೀರು ಬಂತು, ನಕ್ಕಳು ಕೂಡ, ಹಂಗಾರ ಸರಿ ಬಿಡ್ರಿ, ಚಹಾ ಇಡ್ತೇನಿ, ಕುಂದರ್ರಿ, ಎಂದು ಎದ್ದಳು, ಬರಿಗಾಲು, ಸಗಣಿ ಸಾರಿಸಿದ ನೆಲ, ಬಲಗಾಲಿನ ಹೆಬ್ಬೆರಳು, ಸ್ಟೋವು ಪಂಪು ಮಾಡುವ ಸದ್ದು, ಸಕ್ಕರಿ ಜಾಸ್ತಿ ಹಾಕ್ಲೇನ್ರಿ ಎಂದು ಕೇಳುತ್ತಿದ್ದಾಳೆ, ತುಂಗಾ ಏನೋ ಹೇಳಿರಬೇಕು, ಕಣ್ಣೊಳಗೆ ಮತ್ತೆ ಪರದೆಯ ಕೆಳಗೆ ನೀಲಿ ಚಪ್ಪಲಿ, ಈಗ ತಿರುಗುತ್ತವೆ, ಅವತ್ತು ತಿರುಗಿದ್ದವು, ಹಿಂದಿನ ಖಾಲಿ ನೆಲಕ್ಕೆ ಬಡಿದು ಚಟ್ ಚಟ್ ಎನ್ನುತ್ತ ಹೋಗಿದ್ದವು, ಹ್ಞೂಂ ತಿರುಗಲಿ, ಹೋಗಲಿ, ಹೆಬ್ಬೆರಳು ಎಡಗಾಲಿನ ಮೇಲೆ ಹತ್ತಿತು, ಇಳಿಯಿತು, ಹತ್ತಿತು, ಬೆರಳು ಇನ್ನೂ ಈ ಕಡೆಗೇ ಇವೆ, ತಿರುಗುವುದಿಲ್ಲ, ಹಸಿರು ಪರದೆ, ಎರಡು ಪಾದ, ಈ ಕಡೆಗೇ, ಎರಡು ಪಾದ —